ಬೀರಮ್ಮ ಮೈಕಿನ ಮುಂದೆ ಕುಳಿತ ಸಂಜೆ

ಈ ಬರಹದಲ್ಲಿ ಹೆಸರಿರುವುದು ಒಬ್ಬಳಿಗೆ ಮಾತ್ರ. ಅವಳು ಬೀರಮ್ಮ. ಉಳಿದವರೆಲ್ಲ, ನಾನೂ ಸೇರಿ, ನಮ್ಮ ನಮ್ಮ ಕೆಲಸದ ಹೆಸರಿನಲ್ಲೇ ಸುಧಾರಿಸಿಕೊಳ್ಳಬೇಕು. ಇದು ಅವಳು ಹಾಕಿದ ಕರಾರು. ನನ್ನ ಹೆಸರು ಮೊದಲು ಬರೀರಿ, ಆಮೇಲೆ ಬೇರೆ ಏನಾದರೂ ಬರಕೊಳ್ಳಿರಿ ಎಂದಿದ್ದಾಳೆ. ಹಾಗೇ ಮಾಡಿದ್ದೇನೆ.

ನಾನು ರಾಯಚೂರಿನ ಒಂದು ಪುಟ್ಟ ಸಮುದಾಯ ರೇಡಿಯೋದಲ್ಲಿ ಕಾರ್ಯಕ್ರಮ ಮಾಡುವವಳು. ತೀನ್ ಕಂದೀಲ್ ವೃತ್ತದಿಂದ ಸ್ವಲ್ಪ ದೂರದ ಒಂದು ಮಹಡಿಯ ಮೇಲೆ ನಮ್ಮದು ಎರಡು ಕೋಣೆಯ ಸಂಸಾರ. ದನಿ ಗೋಡೆಗೆ ಬಡಿದು ವಾಪಸು ಬರದಿರಲೆಂದು ಒಳಗಿನ ಕೋಣೆಗೆಲ್ಲ ಹಳೆ ಕೌದಿ ಬಡಿದಿದ್ದೇವೆ. ಮೈಕ್ ತೆರೆದಾಗ ಫ್ಯಾನ್ ಆರಿಸಬೇಕು. ರಾಯಚೂರಿನಲ್ಲಿ ಫ್ಯಾನ್ ಆರಿಸಿ ಕೌದಿಗಳ ನಡುವೆ ಕೂರುವುದೆಂದರೆ ಏನೆಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ನನಗಂತೂ ಒಂದು ಕಡೆ ಕೂರುವ ಗುಣವೇ ಇಲ್ಲ. ಚಹಾ ಕುಡಿಯುವಾಗಲೂ ಓಡಾಡುತ್ತೇನೆ. ನಮ್ಮ ತಂತ್ರಜ್ಞ ನನ್ನ ಚಪ್ಪಲಿ ಸದ್ದು ರೆಕಾರ್ಡಿಂಗಿನಲ್ಲಿ ಬರುತ್ತದೆಂದು ಅದನ್ನು ಬಾಗಿಲ ಹೊರಗೆ ಬಿಡಿಸುತ್ತಾನೆ.

ಬೀರಮ್ಮನ ಊರು ದೇವದುರ್ಗದ ಕಡೆ, ಅರಕೇರಾದ ಹತ್ತಿರ. ಕುರಿಗಾರರ ಮನೆ. ಕೆಲವು ವರ್ಷಗಳ ಹಿಂದೆ ಅವಳ ಮೇಲೆ ಅತ್ಯಾಚಾರ ನಡೆಯಿತು. ಮಾಡಿದವರು ಅನುಕೂಲಸ್ಥರ ಮನೆಯ ಹುಡುಗರು. ಸುದ್ದಿ ದೊಡ್ಡದಾಯಿತು. ಮೆರವಣಿಗೆ ನಡೆದವು, ಮೇಣದಬತ್ತಿ ಹಚ್ಚಿದರು, ಟಿವಿಯವರು ವಾರಗಟ್ಟಲೆ ಊರಲ್ಲಿ ಬಿಡಾರ ಹೂಡಿದರು. ಹೆಸರು ಹೇಳುವಂತಿಲ್ಲವಲ್ಲ, ಅದಕ್ಕೆ ಯಾರೋ ‘ಕೃಷ್ಣೆಯ ಮಗಳು’ ಎಂದರು, ಎಲ್ಲರೂ ಅದನ್ನೇ ಹಿಡಿದುಕೊಂಡರು. ಬ್ಯಾನರಿನಲ್ಲಿ ಮುಖಕ್ಕೆ ಕೈ ಮುಚ್ಚಿಕೊಂಡ ಹೆಣ್ಣಿನ ಕಪ್ಪು ಚಿತ್ರ. ನಾನು ಯಾವತ್ತೂ ಹಾಗೆ ಮುಖ ಮುಚ್ಚಿಕೊಂಡವಳಲ್ಲ ಎಂದು ಬೀರಮ್ಮ ಆಮೇಲೆ ನನಗೆ ಹೇಳಿದಳು.

ತಪ್ಪಿತಸ್ಥರಿಗೆ ಶಿಕ್ಷೆಯಾಯಿತು, ಅವರು ಮೇಲ್ಮನವಿ ಹಾಕಿದರು. ಬೀರಮ್ಮನನ್ನು ಮಾನ್ವಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದರು. ಅಲ್ಲಿ ಓಣಿಯವರಿಗೆ ಗೊತ್ತಾಗಬಾರದೆಂದು ಚಿಕ್ಕಮ್ಮ ಅವಳನ್ನು ಲಕ್ಷ್ಮಿ ಎಂದು ಪರಿಚಯಿಸಿದಳು. ಹೀಗೆ ಹೊರಗಿನವರು ಒಂದು ಹೆಸರಿಟ್ಟರು, ಒಳಗಿನವರು ಇನ್ನೊಂದು. ಅವಳು ಕುರಿ-ಮೇಕೆಗಳಿಗೆ ಲಸಿಕೆ ಹಾಕುವ ಪಶುಸಖಿ ತರಬೇತಿ ಮುಗಿಸಿ ಮಾನ್ವಿ ಸುತ್ತಲಿನ ಗದ್ದೆಗಳಲ್ಲಿ ಕೆಲಸ ಶುರು ಮಾಡಿದ್ದಳು. ಆದರೆ ಸುಗ್ಗಿಯ ನಂತರ ಗದ್ದೆಗೆ ಮಂದೆ ಹೊಡೆದುಕೊಂಡು ಬರುವ ಕುರಿಗಾರರು ದೇವದುರ್ಗದ ಕಡೆಯವರೇ. ಅವರಿಗೆ ಲಕ್ಷ್ಮಿ ಯಾರೆಂದು ಗೊತ್ತಿಲ್ಲ, ಮುಖ ಗೊತ್ತು. ಕೆಲವರು ಕುರಿ ತೋರಿಸುವ ನೆಪದಲ್ಲಿ ಅವಳನ್ನು ನೋಡಲು ಬರುತ್ತಿದ್ದರು. ಕೆಲವರು ಅವಳು ಬರುವುದನ್ನು ಕಂಡು ಮಂದೆಯನ್ನೇ ಬೇರೆ ಕಡೆ ತಿರುಗಿಸುತ್ತಿದ್ದರು. ಅವಳಿಗೆ ಸಿಟ್ಟು ಬಂದಿದ್ದು ಎರಡನೆಯವರ ಮೇಲೆ. ನನ್ನನ್ನು ನೋಡಬೇಡಿ, ಕುರಿಗಾದರೂ ಸೂಜಿ ಹಾಕಿಸಿರಿ ಎಂಬ ಸಿಟ್ಟು.

ಅವಳ ವಕೀಲರು ನನ್ನ ಹಳೆಯ ಗೆಳತಿ. ಒಂದು ಬೆಳಿಗ್ಗೆ ಫೋನ್ ಮಾಡಿ, ನನ್ನ ಕಕ್ಷಿದಾರಳು ತನ್ನ ಹೆಸರಿನಲ್ಲಿ, ತನ್ನ ದನಿಯಲ್ಲಿ ರೇಡಿಯೋದಲ್ಲಿ ಮಾತಾಡಬೇಕಂತೆ, ನಿನ್ನಿಂದ ಆಗುತ್ತದಾ ಎಂದರು. ಆಗುತ್ತದೆ ಎಂದೆ. ಏನು ಮಾತಾಡುತ್ತಾಳೆಂದು ಕೇಳಲೂ ಇಲ್ಲ. ನನ್ನ ತಲೆಯಲ್ಲಿ ಆಗಲೇ ಒಂದು ಸಂದರ್ಶನ ತಯಾರಾಗಿತ್ತು.

ಕಾನೂನು ಏನೆಂದು ವಕೀಲರು ಬಿಡಿಸಿ ಹೇಳಿದರು. ಇಂಥ ಪ್ರಕರಣದಲ್ಲಿ ಹೆಣ್ಣಿನ ಗುರುತು ಬಯಲು ಮಾಡುವುದು ಅಪರಾಧ. ಆದರೆ ಬೀರಮ್ಮ ವಯಸ್ಸಿಗೆ ಬಂದವಳು. ತನ್ನ ಹೆಸರು ತಾನು ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ನಾವು ಅದನ್ನು ಪ್ರಸಾರ ಮಾಡಲು ಅವಳ ಲಿಖಿತ ಒಪ್ಪಿಗೆ ಬೇಕು, ಅಷ್ಟೇ. ಮೇಲ್ಮನವಿ ಬಾಕಿ ಇರುವುದರಿಂದ ಘಟನೆಯ ವಿವರಕ್ಕೆ ಹೋಗಬಾರದು. ಒಪ್ಪಿಗೆ ಬರೆದುಕೊಡಲು ಬೀರಮ್ಮ ತಾನೇ ರಾಯಚೂರಿಗೆ ಬಂದಳು. ಎತ್ತರದ, ಒಣಕಲು ಮೈಯ ಹುಡುಗಿ. ಕುಳಿತ ಕೂಡಲೇ ಕೌದಿಗಳನ್ನು ನೋಡಿ, ಇಲ್ಲಿ ಕುರಿ ಕಟ್ಟಿದರೆ ಬೆಚ್ಚಗಿರುತ್ತವೆ ಎಂದಳು.

ಮೊದಲ ರೆಕಾರ್ಡಿಂಗ್ ಪೂರ್ತಿ ಕೆಟ್ಟಿತು. ನಾನು ಮೆತ್ತಗೆ, ಸುತ್ತು ಬಳಸಿ ಪ್ರಶ್ನೆ ಕೇಳುತ್ತಿದ್ದೆ. ಈಗ ಬದುಕು ಹೇಗನಿಸುತ್ತದೆ, ಧೈರ್ಯ ಎಲ್ಲಿಂದ ಬಂತು, ಇಂಥವು. ಅವಳು ಹೌದು, ಇಲ್ಲ, ನೆನಪಿಲ್ಲ ಎನ್ನುತ್ತಿದ್ದಳು. ಮೈಕನ್ನು ಅವಳ ಬಾಯಿಯಿಂದ ಸ್ವಲ್ಪ ಓರೆಯಾಗಿಟ್ಟೆ, ಎದುರಿನ ಕುರ್ಚಿ ಬಿಟ್ಟು ಪಕ್ಕಕ್ಕೆ ಕುಳಿತೆ, ಚಹಾ ತರಿಸಿದೆ. ಊಹೂಂ. ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ದನಿ ಬಾವಿಯ ತಳದಿಂದ ಬರುತ್ತಿತ್ತು. ಕೊನೆಗೆ ಅವಳೇ ಹೇಳಿದಳು, ನೀವು ಕೇಳುವ ರೀತಿ ಕೋರ್ಟಿನ ಹಾಗೇ ಇದೆ, ಅಲ್ಲಿ ಉದ್ದ ಹೇಳಿದರೆ ಎದುರು ವಕೀಲ ಅದರಲ್ಲೇ ಸಿಕ್ಕಿಸುತ್ತಿದ್ದ, ಹಾಗಾಗಿ ಸಣ್ಣದಾಗಿ ಹೇಳುವುದು ರೂಢಿಯಾಗಿದೆ ಎಂದು.

ಆ ಕೆಟ್ಟ ರೆಕಾರ್ಡಿಂಗನ್ನೂ ನಮ್ಮ ಅಧ್ಯಕ್ಷರು ಕೇಳಿದರು. ನಿವೃತ್ತ ಮೇಷ್ಟ್ರು, ಒಳ್ಳೆಯವರು, ಆದರೆ ಹೆದರುಪುಕ್ಕಲು. ನಾಳೆ ಲೈಸೆನ್ಸಿಗೆ ಕುತ್ತು ಬಂದರೆ ಎಂಬುದು ಅವರ ನಿತ್ಯದ ಮಂತ್ರ. ಒಪ್ಪಿಗೆ ಇರಲಿ, ಆದರೂ ದನಿ ಬದಲಿಸಿ ಹಾಕೋಣ, ಹೆಸರಿಗೂ ಏನಾದರೂ ಬೇರೆ ಇಡೋಣ ಎಂದು ಪಟ್ಟು ಹಿಡಿದರು. ಮತ್ತೊಂದು ಹೆಸರು! ನನಗೆ ಮೈಯೆಲ್ಲ ಉರಿಯಿತು. ಹಾಗೆ ಮಾಡುವುದಾದರೆ ಮೊದಲು ಅವಳಿಗೆ ಕೇಳಿಸಿಯೇ ಮಾಡೋಣ ಎಂದೆ. ತಂತ್ರಜ್ಞ ಕಂಪ್ಯೂಟರಿನಲ್ಲಿ ದನಿಯ ಸ್ಥಾಯಿ ಕೆಳಗಿಳಿಸಿದ. ಹೆಣ್ಣು ದನಿ ಗಂಡಸಿನದೂ ಅಲ್ಲದ, ಮನುಷ್ಯರದೂ ಅಲ್ಲದ ಒಂದು ಗೊಗ್ಗರಾಯಿತು.

ಬೀರಮ್ಮ ಅರ್ಧ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು.

“ಟಿವಿಯಾಗೂ ಹಿಂಗ ಮಾಡಿದ್ರು ಅಕ್ಕಾರ. ನಮ್ಮವ್ವ ಟಿವಿ ಮುಂದ ಕುಂತು, ಇದು ನನ್ನ ಮಗಳ ದನಿ ಅಲ್ಲ, ಈಕಿ ಯಾರೋ ಬ್ಯಾರೇದಾಕಿ ಅಂತ ಅತ್ತಿದ್ಲು.”

ಅಷ್ಟು ಹೇಳಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಮಾನ್ವಿ ಬಸ್ಸು ಹೊರಟ ಮೇಲೂ ನಾನು ಅಲ್ಲೇ ಸುಳಿದಾಡುತ್ತಿದ್ದೆ. ಒಂದು ಕಾರ್ಯಕ್ರಮ ಹೋಯಿತಲ್ಲ ಎಂಬ ಚಿಂತೆಯಲ್ಲ. ತನ್ನ ದನಿಯಲ್ಲಿ ಮಾತಾಡಲು ಬಂದವಳನ್ನು ನಾವು ಮತ್ತೆ ಅದೇ ಟಿವಿಯ ಮುಂದೆ ಕೂರಿಸಿ ಕಳಿಸಿದ್ದೆವು.

ಆ ವಾರ ನಾನು ಯಾರಿಗೂ ಸಹಿಸಲಾಗದ ಮನುಷ್ಯಳಾಗಿದ್ದೆ. ರೈತರ ಕಾರ್ಯಕ್ರಮದ ಎಡಿಟಿಂಗಿಗೆ ಕೂತರೆ ಐದು ನಿಮಿಷಕ್ಕೆ ಏಳುತ್ತಿದ್ದೆ. ತಂತ್ರಜ್ಞ ಕೊನೆಗೆ ಕೈಗೆ ರೆಕಾರ್ಡರ್ ಕೊಟ್ಟು, ಎಲ್ಲಾದರೂ ಹೋಗಿ ಹೊರಗಿನ ಸದ್ದು ಹಿಡಿದುಕೊಂಡು ಬನ್ನಿ, ನಮ್ಮ ಹತ್ತಿರ ಕುರಿಮಂದೆಯ ಸದ್ದು ಹಳೆಯದಾಗಿದೆ ಎಂದ. ಅವನು ನನ್ನನ್ನು ಸಾಗಹಾಕುತ್ತಿದ್ದಾನೆಂದು ಗೊತ್ತಿತ್ತು. ಮಾನ್ವಿ ಬಸ್ಸು ಹತ್ತಿದೆ.

ಭತ್ತದ ಕೊಯ್ಲು ಮುಗಿದಿತ್ತು. ಅಕ್ಕಿ ಗಿರಣಿಗಳ ದೂಳು ರಸ್ತೆಯವರೆಗೂ ಹಾರುತ್ತಿತ್ತು. ಕಾಲುವೆ ದಾಟಿ ಗದ್ದೆಗೆ ಹೋದರೆ ದೊಡ್ಡ ಮಂದೆಯೊಂದು ಸುತ್ತ ಬೇಲಿಯಂತೆ ಕಟ್ಟಿದ ಬಲೆಯೊಳಗೆ ನಿಂತಿತ್ತು, ಬೀರಮ್ಮ ಲಸಿಕೆ ಹಾಕುತ್ತಿದ್ದಳು. ಒಬ್ಬ ಕುರಿ ಹಿಡಿದು ಕೊಡುತ್ತಾನೆ, ಅವಳು ತೊಡೆಯ ಒಳಬದಿಯ ತೆಳು ಚರ್ಮ ಎತ್ತಿ ಸೂಜಿ ಚುಚ್ಚುತ್ತಾಳೆ, ಹಾಕಿದ ಕುರಿಯ ನೆತ್ತಿಗೆ ಇನ್ನೊಬ್ಬ ಬಣ್ಣ ಬಳಿದು ಬಿಡುತ್ತಾನೆ. ಸರಸರ ನಡೆದಿತ್ತು. ನನ್ನನ್ನು ನೋಡಿದಳು, ತಲೆಯಾಡಿಸಿದಳು, ಕೆಲಸ ಬಿಡಲಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಕುರಿಗಳ ಒದರಾಟ ಹಿಡಿಯತೊಡಗಿದೆ.

ನಡುವೆ ಅವಳು ಹೊಸ ಸೀಸೆ ತೆಗೆಯಲು ಐಸ್ ಡಬ್ಬಿಯ ಹತ್ತಿರ ಹೋದಳು. ಕುರಿಗಾರನೊಬ್ಬ ತನ್ನ ಮಜ್ಜಿಗೆ ಬಾಟಲಿ ತಣ್ಣಗಿರಲೆಂದು ಅದರೊಳಗೆ ತುರುಕಿದ್ದ. ಮುಚ್ಚಳ ಕೂತಿರಲಿಲ್ಲ. ಬಿಸಿಲಿಗೆ ಐಸು ನೀರಾಗಿ, ಲಸಿಕೆಯ ಸೀಸೆಗಳು ಅದರಲ್ಲಿ ತೇಲುತ್ತಿದ್ದವು. ಬೆಚ್ಚಗಾದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಬೀರಮ್ಮ ಬಾಯಿ ತೆರೆದಳು. ನನ್ನ ರೆಕಾರ್ಡರಿನ ಮುಳ್ಳು ಕೆಂಪು ಗೆರೆಗೆ ಹಾರಿತು. ನಿನ್ನ ಮಜ್ಜಿಗೆ ಒಂದು ಹೊತ್ತು ಹುಳಿಯಾದರೆ ನೀನು ಸಾಯುತ್ತಿದ್ದೆಯಾ, ಈಗ ಈ ಕುರಿಗಳು ಸತ್ತರೆ ಮಜ್ಜಿಗೆ ಕೊಡುತ್ತದಾ ಜೀವ ಎಂದು ಶುರುವಾದದ್ದು ಅವನ ಅಪ್ಪ, ಅಜ್ಜ, ಅವರ ಬುದ್ಧಿ, ಅವರ ಮೀಸೆ ಎಲ್ಲವನ್ನೂ ಮುಟ್ಟಿ ಬಂತು. ಆ ಗಂಡಸು ರುಮಾಲು ಬಿಚ್ಚಿ ಕಟ್ಟಿಕೊಳ್ಳುತ್ತ ನಿಂತಿದ್ದ. ಅವನ ಜೊತೆಗಾರರು ಬಿದ್ದು ಬಿದ್ದು ನಗುತ್ತಿದ್ದರು. ಬೈಗುಳ ಮುಗಿಸಿ ಅವಳು ಅದೇ ಉಸಿರಿನಲ್ಲಿ ಲಸಿಕೆ ಯಾಕೆ ತಣ್ಣಗಿರಬೇಕೆಂದು ಎಲ್ಲರಿಗೂ ವಿವರಿಸಿದಳು. ಯಾರೂ ಅವಳ ಮುಖವನ್ನು ಬೇರೆ ರೀತಿ ನೋಡುತ್ತಿರಲಿಲ್ಲ. ಹೇಳಿದ್ದನ್ನು ಕೇಳುತ್ತಿದ್ದರು.

ನಾನು ಹೆಡ್‌ಫೋನ್ ತೆಗೆಯಲೇ ಇಲ್ಲ. ಕೌದಿಯ ಕೋಣೆಯಲ್ಲಿ ನಾನು ಹುಡುಕಿದ್ದ ದನಿ ಇದು. ಮತ್ತು ನನ್ನ ಪ್ರಶ್ನೆಗಳೇ ಅದನ್ನು ಅಡಗಿಸಿದ್ದವು. ಬದುವಿನ ಮೇಲೆ ಕುಳಿತು ಅವಳಿಗೆ ಹೇಳಿದೆ, ಆ ಸಂದರ್ಶನ ಕೈಬಿಡೋಣ, ಕೇಸಿನ ಮಾತೇ ಬೇಡ, ನೀನು ಕುರಿಯ ಬಗ್ಗೆ ಮಾತಾಡು. ವಾರಕ್ಕೊಂದು ಸಂಜೆ. ಅರಕೇರಾದ ಬೀರಮ್ಮ ಎಂದು ಹೆಸರು ಹೇಳಿಯೇ ಶುರು ಮಾಡು.

ಅವಳು ಕೈಗೆ ಅಂಟಿದ ಬಣ್ಣ ಕೆರೆದಳು. ನಾನು ಮೊದಲಿಗೆ ವಕೀಲರಿಗೆ ಹೇಳಿದ್ದು ಅದನ್ನೇ, ಕುರಿ ವಿಷಯವೇ, ನೀವು ಕೇಳಲಿಲ್ಲ ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಅವಳು ಇನ್ನೊಂದು ಕರಾರು ಹಾಕಿದಳು.

“ರೆಕಾರ್ಡ್ ಬ್ಯಾಡ್ರಿ. ರೆಕಾರ್ಡ್ ಮಾಡಿದ್ರ ಯಾರರ ಕತ್ತರಸ್ತಾರ. ಮಂದಿ ಫೋನ್ ಹಚ್ಚಲಿ, ನಾನು ಕುಂತಲ್ಲೆ ಹೇಳ್ತೀನಿ.”

ನೇರಪ್ರಸಾರ ಎಂದ ಕೂಡಲೇ ಅಧ್ಯಕ್ಷರು ಕುರ್ಚಿಯಿಂದ ಎದ್ದರು. ಯಾವನಾದರೂ ಫೋನ್ ಮಾಡಿ ಕೇಸಿನ ಮಾತು ಎತ್ತಿದರೆ? ಹೊಲಸು ಮಾತಾಡಿದರೆ? ಅವರ ಭಯದಲ್ಲಿ ಹುರುಳಿತ್ತು. ದೊಡ್ಡ ಕೇಂದ್ರಗಳಲ್ಲಿ ಫೋನಿನ ದನಿಯನ್ನು ಕೆಲವು ಸೆಕೆಂಡು ತಡೆದು ಬಿಡುವ ಯಂತ್ರ ಇರುತ್ತದೆ, ಕೆಟ್ಟ ಮಾತು ಬಂದರೆ ಅಷ್ಟರಲ್ಲಿ ಅಳಿಸಬಹುದು. ನಮ್ಮಲ್ಲಿ ಅಂಥದ್ದಿಲ್ಲ. ಇರುವುದು ಫೋನಿನ ದನಿ ಏರಿಸಿ ಇಳಿಸುವ ಒಂದು ಜಾರುಗುಂಡಿ ಮತ್ತು ಅದರ ಮೇಲೆ ನನ್ನ ಬೆರಳು. ಕೇಸಿನ ಸುದ್ದಿ ಬಂದ ತಕ್ಷಣ ಗುಂಡಿ ಕೆಳಗೆಳೆಯುತ್ತೇನೆಂದು ಮಾತು ಕೊಟ್ಟೆ. ವಕೀಲರೂ ಬಂದು ಒಪ್ಪಿಗೆಯನ್ನು ಇನ್ನೊಮ್ಮೆ ಓದಿ ಹೇಳಿದರು. ಅಧ್ಯಕ್ಷರು ಕೊನೆಗೆ, ನನ್ನದೊಂದು ಪ್ರಶ್ನೆ, ತಾಯಿಗೆ ಗೊತ್ತಿದೆಯಾ ಎಂದರು.

ಗೊತ್ತಿರಲಿಲ್ಲ. ಪ್ರಸಾರಕ್ಕೆ ಮೊದಲು ತಾಯಿಗೆ ಹೇಳಲು ಬೀರಮ್ಮ ಊರಿಗೆ ಹೊರಟಳು, ನನ್ನನ್ನೂ ಕರೆದಳು. ಮಾನ್ವಿಗೆ ಹೋದಮೇಲೆ ಅವಳು ಹಗಲಿನಲ್ಲಿ ಆ ಊರಿಗೆ ಕಾಲಿಟ್ಟಿರಲಿಲ್ಲ. ದೇವದುರ್ಗದಲ್ಲಿ ಬಸ್ಸು ಬದಲಿಸುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಸ್ವಲ್ಪ ಹೊತ್ತಿಗೆ ತೆಗೆದಳು, ಮತ್ತೆ ಎಳೆದುಕೊಂಡಳು. ಅರಕೇರಾ ದಾಟಿ ಇಳಿದಾಗ ಅಂಗಡಿ ಕಟ್ಟೆಯ ಮೇಲಿದ್ದವರ ಮಾತು ನಿಂತಿತು. ನನ್ನ ಬೆನ್ನಿಗೇ ಚುಚ್ಚಿದಂತಾಯಿತು, ಅವಳ ಬೆನ್ನಿಗೆ ಏನಾಗಿರಬೇಕು.

ತಾಯಿ ರೊಟ್ಟಿ ಬಡಿಯುತ್ತಿದ್ದರು. ಮಗಳನ್ನು ಕಂಡು ಎದ್ದು ಬಾಗಿಲು ಅರ್ಧ ಮುಂದಕ್ಕೆ ಎಳೆದರು. ಬೀರಮ್ಮ ಹೋಗಿ ಅದನ್ನು ಪೂರ್ತಿ ತೆರೆದಳು. ನಾವು ವಿಷಯ ಹೇಳುತ್ತಿದ್ದಂತೆ ತಾಯಿಯ ಕೈ ಹಿಟ್ಟಿನಲ್ಲೇ ನಿಂತುಹೋಯಿತು.

“ಈಗರ ಮಂದಿ ಮರ್ತಾರಬೇ. ಮತ್ತ ಯಾಕ ನೆಪ್ಪು ಮಾಡಿ ಕೊಡ್ತಿ?”

“ಮರ್ತಿಲ್ಲ ಯವ್ವಾ. ಎಲ್ಲಾ ನೆಪ್ಪದ ಅವರಿಗೆ. ನನ್ನ ಹೆಸರೊಂದು ಮರ್ತಾರ.”

ತಾಯಿ ಮತ್ತೆ ಹಿಟ್ಟು ನಾದತೊಡಗಿದರು. ರೊಟ್ಟಿ, ಪುಂಡಿಪಲ್ಯ ಬಡಿಸಿ, ಮಾನ್ವಿಯಲ್ಲಿ ಚಿಕ್ಕಮ್ಮನ ಓಣಿಯವರು ಮನೆ ಬಿಡಿಸಿದರೆ ಎಲ್ಲಿಗೆ ಹೋಗುತ್ತೀ ಎಂದಷ್ಟೇ ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಬೀರಮ್ಮ ನನಗೆ ಹೇಳಿದಳು, ಲಕ್ಷ್ಮಿ ಎಂಬ ಹೆಸರು ಸತ್ತರೆ ಆ ಮನೆಯೂ ಹೋಗಬಹುದು, ಗೊತ್ತಿದೆ ಎಂದು. ಬೇಕಿದ್ದರೆ ನಿಲ್ಲಿಸೋಣ ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ಸಂಜೆ ಎಷ್ಟು ಹೊತ್ತಿಗೆ ಶುರು ಎಂದಷ್ಟೇ ಕೇಳಿದಳು.

ಕುರಿಗಾರರಿಗೆ ಬಿಡುವಾಗುವುದು ಹೊತ್ತು ಮುಳುಗುವಾಗ, ಮಂದೆಯನ್ನು ಬಲೆಯೊಳಗೆ ಸೇರಿಸಿದ ಮೇಲೆ. ಆ ಹೊತ್ತನ್ನೇ ಇಟ್ಟುಕೊಂಡೆವು. ನಮ್ಮ ಪ್ರಸಾರ ಗಾಳಿಯಲ್ಲಿ ಬಹಳ ದೂರ ಹೋಗುವುದಿಲ್ಲ, ದೂರದವರು ಮೊಬೈಲಿನಲ್ಲಿ ಕೇಳಬೇಕು. ಒಂದು ವಾರದಿಂದ ‘ಅರಕೇರಾದ ಬೀರಮ್ಮ ಅವರೊಂದಿಗೆ ಕುರಿ ಮಾತು’ ಎಂದು ಪ್ರಕಟಣೆ ಕೊಡುತ್ತಿದ್ದೆವು. ಕುರಿಗಾರರು ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದ್ದರು. ಹಾಗಾಗಿ ಅಂದು ಸಂಜೆ ಫೋನು ಬರುವುದು ಖಚಿತ, ಯಾಕಾಗಿ ಬರುತ್ತದೆ ಎಂಬುದಷ್ಟೇ ಅನುಮಾನ.

ಫ್ಯಾನ್ ಆರಿಸಿದೆವು. ಅಧ್ಯಕ್ಷರು ಹೊರಗಿನ ಕೋಣೆಯಲ್ಲಿ ಸ್ಪೀಕರಿನ ಹತ್ತಿರ ನಿಂತೇ ಇದ್ದರು, ವಕೀಲರು ಅವರ ಪಕ್ಕದಲ್ಲಿ. ತಂತ್ರಜ್ಞ ಗಾಜಿನಾಚೆಯಿಂದ ಬೆರಳೆತ್ತಿದ. ಕೆಂಪು ದೀಪ ಹತ್ತಿತು.

ಬೀರಮ್ಮ ತನ್ನ ಹೆಸರು, ಊರು, ಕೆಲಸ ಹೇಳಿದಳು. ದನಿ ನಡುಗಿತು. ಮಳೆಗೆ ಮುಂಚೆ ಹಾಕಿಸಬೇಕಾದ ಲಸಿಕೆಯ ಬಗ್ಗೆ ನಾಲ್ಕು ಮಾತು ಹೇಳಿ, ಈಗ ಫೋನ್ ಮಾಡಿರಿ ಎಂದಳು. ಯಾರೂ ಮಾಡಲಿಲ್ಲ. ರೇಡಿಯೋದಲ್ಲಿ ಮೌನ ಬಹಳ ಉದ್ದ ಇರುತ್ತದೆ. ನಾನು ಏನೇನೋ ತುಂಬಿಸಿದೆ, ಸಂಗೀತದ ತುಣುಕು ಹಾಕಿದೆ. ಕೊನೆಗೆ ಒಬ್ಬ ಹೆಂಗಸು ಮಾನ್ವಿಯಿಂದ ಮೇಕೆಯ ಕಿವಿಗೆ ಹತ್ತಿದ ಉಣ್ಣೆಹುಳದ ಬಗ್ಗೆ ಕೇಳಿದಳು. ಬೀರಮ್ಮ ಹೇಳಿದಳು. ನಂತರ ಇನ್ನೊಬ್ಬರು ಮಾತಾಡದೆ ಉಸಿರು ಬಿಟ್ಟು ಫೋನ್ ಇಟ್ಟರು. ಗುಂಡಿಯ ಮೇಲಿನ ನನ್ನ ಬೆರಳು ಬೆವತು ಜಾರುತ್ತಿತ್ತು.

ಮೂರನೆಯದು ವಯಸ್ಸಾದವರ ದನಿ. ಹಿಂದೆ ಕುರಿಗಳ ಒದರಾಟ, ನಾಯಿ ಬೊಗಳುವುದು. ಚೀಕಲಪರ್ವಿಯ ಹತ್ತಿರ ಹೊಳೆ ದಂಡೆಯಲ್ಲಿ ಮಂದೆ ನಿಲ್ಲಿಸಿದ್ದೇನೆ ಎಂದರು. ಮಧ್ಯಾಹ್ನ ಕುರಿಗಳು ಬಲೆ ಹಾರಿ ಯಂತ್ರದಿಂದ ಕೊಯ್ದ ಗದ್ದೆಗೆ ನುಗ್ಗಿ, ಉದುರಿದ ಭತ್ತ ಕಂಠಮಟ್ಟ ತಿಂದಿವೆ ಎಂದರು. ಅಷ್ಟು ಹೇಳಿದವರು ತಡೆದರು.

“ಒಂದು ಮಾತು ಕೇಳ್ಲೇನವ್ವ? ಅರಕೇರಾ ಬೀರಮ್ಮ ಅಂದಿ. ಆ ಕೇಸಿನಾಗ ಟಿವಿಯಾಗ ಬಂದಾಕಿ ನೀನ ಏನು?”

ಗುಂಡಿ ಎಳೆಯಲು ಬೆರಳು ಒತ್ತಿದೆ. ಬೀರಮ್ಮ ನನ್ನ ಮಣಿಕಟ್ಟು ಹಿಡಿದಳು. ಕುರಿಯ ಕಾಲು ಹಿಡಿಯುವ ಕೈ ಅದು, ಅಲುಗಾಡಿಸಲಾಗಲಿಲ್ಲ. ಗಾಜಿನಾಚೆ ತಂತ್ರಜ್ಞ ನನ್ನನ್ನೇ ನೋಡುತ್ತಿದ್ದ.

“ಹೌದು ಯಪ್ಪಾ, ಆಕಿ ನಾನ. ಕುರಿ ನಿಂತಾವೇನು, ಮಲಗ್ಯಾವೇನು, ಅದು ಹೇಳ್ರಿ ಮೊದಲು.”

ನದಿಯ ಕಡೆಯಿಂದ ಗಾಳಿಯ ಸದ್ದು ಮಾತ್ರ ಬಂತು. ಮುದುಕರು ಫೋನ್ ಇಟ್ಟರೆಂದೇ ನಾನು ತಿಳಿದೆ. ಆಮೇಲೆ ಅವರು ಕೆಮ್ಮಿದರು. ನಾಲ್ಕೈದು ಮಲಗಿವೆ, ಎಡ ಹೊಟ್ಟೆ ಉಬ್ಬಿದೆ, ಹಲ್ಲು ಕಡಿಯುತ್ತಿವೆ, ನೀರು ಕೇಳುತ್ತಿವೆ, ಕುಡಿಸುತ್ತಿದ್ದೇವೆ ಎಂದರು. ಬೀರಮ್ಮ ನನ್ನ ಕೈ ಬಿಟ್ಟು ಮೈಕಿನ ಹತ್ತಿರಕ್ಕೆ ಬಾಗಿದಳು. ದನಿಯ ನಡುಕ ಎಲ್ಲಿ ಹೋಯಿತೋ. ನೀರು ತಕ್ಷಣ ನಿಲ್ಲಿಸಿ, ಹೊಟ್ಟೆಯ ಕಾಳು ಇನ್ನೂ ಉಬ್ಬುತ್ತದೆ ಎಂದಳು. ಅಡುಗೆ ಸೋಡಾ ಸ್ವಲ್ಪ ನೀರಿಗೆ ಕಲಸಿ ನಿಧಾನ ಕುಡಿಸಿ, ಎಬ್ಬಿಸಿ ನಡೆದಾಡಿಸಿ, ಮಾನ್ವಿಯ ಡಾಕ್ಟರಿಗೆ ಈಗಲೇ ಫೋನ್ ಹಚ್ಚಿ, ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ ಎಂದಳು.

ಮುದುಕರು ಫೋನನ್ನು ಕಿವಿಯಿಂದ ದೂರ ಹಿಡಿದಿರಬೇಕು, ಅವರು ಹೊಳೆ ದಂಡೆಯ ಕಡೆ ಒದರುವುದು ನಮ್ಮ ಸ್ಪೀಕರಿನಲ್ಲಿ, ಹೊರಗಿನ ಕೋಣೆಯಲ್ಲಿ, ಎಲ್ಲೆಲ್ಲಿ ರೇಡಿಯೋ ಹಚ್ಚಿತ್ತೋ ಅಲ್ಲೆಲ್ಲ ಕೇಳಿಸಿತು.

“ಲೇ, ನೀರು ಬಿಡ್ರಲೇ. ಸೋಡಾಪುಡಿ ತರ್ರಿ ಲಗೂನ. ಬೀರಮ್ಮ ಹೇಳಾಕತ್ತಾಳ.”